ಕುಸುಬಿ ಎಣ್ಣೆ ಕುಡಿದ ಬಿಲ್ಲು

ಮೊನ್ನೆ ರಾಯಚೂರಿನಲ್ಲಿ ಗಾಣದ ಅಂಗಡಿಯ ಮುಂದೆ ನಿಂತಿದ್ದೆ. ಕುಸುಬಿ ಎಣ್ಣೆ ಆಗತಾನೇ ಇಳಿಯುತ್ತಿತ್ತು. ಬೆಚ್ಚಗಿನ, ತುಸು ಒಗರಾದ ಆ ವಾಸನೆ... ಅಂಗಡಿಯವನು "ಎಷ್ಟು ಕೊಡ್ಲಿ ಅಕ್ಕಾರ?" ಎಂದು ಕೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಬೇರೆಯವರಿಗೆ ಆ ವಾಸನೆಯಿಂದ ಒಗ್ಗರಣೆ ನೆನಪಾಗಬಹುದು. ನನಗೆ ನೆನಪಾಗುವುದು ಬಿಲ್ಲು. ಬಿಲ್ಲಿನ ಹಿಂದೆಯೇ ನಮ್ಮತ್ತೆ ಬರುತ್ತಾರೆ, ಅಂಗಳದಲ್ಲಿ ಕಾಲು ಚಾಚಿ ಕೂತು, ಒಡೆದ ಸೀಸೆಯ ಗಾಜಿನ ಚೂರಿನಿಂದ ಕಟ್ಟಿಗೆ ಕೀಸುತ್ತಾ, ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಿಗೆ ಎಳೆಯುತ್ತಾ.

ನಮ್ಮೂರು ಮಾನ್ವಿ ತಾಲೂಕಿನ ಭತ್ತದ ಸೀಮೆಯಲ್ಲಿದೆ. ದಸರೆಯ ಕೊನೆಯ ದಿನ ಸಂಜೆ, ಬನ್ನಿ ಮುಡಿಯುವ ಮೊದಲು, ಊರ ಹೊರಗಿನ ಬನ್ನಿ ಗಿಡದ ಎದುರು ಒಂದು ಬಾಳೆದಿಂಡು ನೆಟ್ಟು ಅದಕ್ಕೆ ಅಂಬು ಹೊಡೆಯುತ್ತಾರೆ. ಒಂದೇ ಒಂದು ಅಂಬು. ಬಿಲ್ಲು ನಮ್ಮ ಮನೆಯದು, ಹೊಡೆಯುವವನು ನಮ್ಮ ಮನೆಯ ಗಂಡಸು. ಪ್ರತಿ ವರ್ಷ ಹೊಸ ಬಿಲ್ಲೇ ಆಗಬೇಕು. ಅಂಬು ನೆಟ್ಟ ಮೇಲೆ ಆ ಬಿಲ್ಲನ್ನು ಗಿಡದ ಕವಲಿಗೆ ಸಿಗಿಸಿ ಬಂದುಬಿಡುತ್ತಾರೆ, ಮುಗಿಯಿತು. ರಾಯಚೂರಿನ ಪೇಟೆಯಲ್ಲಿ ಬೆಳೆದು ಈ ಮನೆಗೆ ಸೊಸೆಯಾಗಿ ಬಂದ ನನಗೆ ಮೊದಲ ವರ್ಷ ತಲೆ ಕೆಟ್ಟುಹೋಗಿತ್ತು. ಒಂದು ಅಂಬಿಗೋಸ್ಕರ ವರ್ಷವಿಡೀ ದುಡಿಮೆಯೇ? ಅಯ್ಯೋ ದೇವರೇ, ಎಂಥ ಮನೆಗೆ ಬಂದು ಬಿದ್ದೆ ಎಂದುಕೊಂಡಿದ್ದೆ.

ಆ ದುಡಿಮೆಯನ್ನು ಅತ್ತೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ಹಣೆ ತುಂಬ ವಿಭೂತಿ, ಸೊಂಟಕ್ಕೆ ಬಿಗಿದ ಸೆರಗು, ಬಾಯಿ ತುಂಬ ತಮ್ಮದೇ ಹೊಗಳಿಕೆ. "ಇಂಥಾ ಬಿಲ್ಲು ಇಡೀ ರಾಯಚೂರು ಜಿಲ್ಲಾದಾಗ ಇಲ್ಲ, ತಿಳೀತಿಲ್ಲೋ?" ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು. ನಾನೇನು ಸುಮ್ಮನಿರುವವಳೇ? ಜಿಲ್ಲೆಯಲ್ಲಿ ಬೇರೆ ಯಾರೂ ಬಿಲ್ಲು ಮಾಡೋದೇ ಇಲ್ಲವಲ್ಲ ಎಂದೆ. "ಹೆಂಗ ಮಾಡ್ತಾರಬೇ, ನಾನಿರೋ ಮುಂದ?" ಎಂದರು.

ಕಟ್ಟಿಗೆ ತರುವುದೇ ಒಂದು ಪ್ರಯಾಣ. ನಮ್ಮ ಕಡೆ ಕಣ್ಣು ಹಾಯುವಷ್ಟೂ ಗದ್ದೆ, ಗಿಡ ಎಂದರೆ ಬರೀ ಜಾಲಿ. ಹಾಗಾಗಿ ಚಳಿಗಾಲದಲ್ಲಿ ಬಸ್ಸು ಹತ್ತಿ ದೇವದುರ್ಗದ ಕಡೆಗೆ ಹೋಗಬೇಕಿತ್ತು. ಅದು ಅತ್ತೆಯ ತವರು. ಅಲ್ಲಿನ ಕಲ್ಲುಗುಡ್ಡಗಳಲ್ಲಿ ತಡಸಲು ಗಿಡ ಸಿಗುತ್ತದೆ, ಕೊಡಲಿ ಕಾವಿಗೆ ಹೆಸರಾದ ಕಟ್ಟಿಗೆ, ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಅತ್ತೆ ಒಂದೊಂದು ಕೊಂಬೆಯನ್ನೂ ಹಿಡಿದು, ತಿರುವಿ, ಮೂಸಿ, ಬೇಡವೆಂದು ಮುಂದೆ ಹೋಗುತ್ತಿದ್ದರು. ನನಗೆ ಮುಳ್ಳು ಚುಚ್ಚಿ, ಬಿಸಿಲು ಏರಿ, ಸಿಟ್ಟು ಬಂದು, ನನ್ನನ್ನು ನೋಡಲು ಬಂದಾಗಲೂ ನೀವು ಇಷ್ಟು ನೋಡಲಿಲ್ಲ ಅಂದೆ. ಅತ್ತೆ ನಕ್ಕರು. "ನಿನ್ನ ನೋಡಿದ್ದು ನನ್ನ ಮಗಗ. ಇದನ್ನ ನೋಡೋದು ಊರಿಗೆ."

ತಂದ ಕಟ್ಟಿಗೆಯ ಎರಡೂ ತುದಿಗೆ ಸಗಣಿ ಮೆತ್ತಿ, ಭತ್ತದ ಹೊಟ್ಟಿನ ರಾಶಿಯಲ್ಲಿ ಹೂತಿಡುತ್ತಿದ್ದರು. ಅವಸರವಿಲ್ಲದೆ, ನೆರಳಲ್ಲಿ, ಸೀಳದಂತೆ ಒಣಗಬೇಕು. ಮುಂಗಾರು ಶುರುವಾದ ಮೇಲೆ ಹೊರಗೆ ತೆಗೆದು, ಬಾಚಿಯಿಂದ ಕೆತ್ತಿ ಆಕಾರಕ್ಕೆ ತರುತ್ತಿದ್ದರು. ಅಷ್ಟು ಉದ್ದವೇನಲ್ಲ, ನೆಲಕ್ಕೆ ಊರಿ ನಿಲ್ಲಿಸಿದರೆ ನನ್ನ ಎದೆಯವರೆಗೆ ಬರುತ್ತಿತ್ತು. ಆಮೇಲೆ ಶುರುವಾಗುತ್ತಿತ್ತು ನೋಡಿ, ನಿಜವಾದ ಕೆಲಸ.

ದನದ ಕೊಟ್ಟಿಗೆಯ ಗೋಡೆಗೆ ಒಂದು ಗಟ್ಟಿ ಗೂಟ. ಬಿಲ್ಲಿನ ನಡುವನ್ನು ಅದರ ಮೇಲೆ ಕೂರಿಸಿ, ಸಡಿಲವಾಗಿ ಕಟ್ಟಿದ ಹೆದೆಯಿಂದ ಬಕೀಟು ತೂಗುಹಾಕಿ, ಅದರೊಳಗೆ ಬೊಗಸೆ ಬೊಗಸೆಯಾಗಿ ಜೋಳ ಸುರಿಯುತ್ತಿದ್ದರು. ಭಾರ ಏರಿದಂತೆ ಬಿಲ್ಲಿನ ಎರಡೂ ತೋಳು ಮೆಲ್ಲಗೆ ಕೆಳಗೆ ಬಾಗುತ್ತಿದ್ದವು. ಬೆಳಗಿನ ಎಳೆ ಬಿಸಿಲಿಗೆ ಸುಣ್ಣದ ಗೋಡೆಯ ಮೇಲೆ ಅದರ ನೆರಳು ಬೀಳುತ್ತಿತ್ತು. ಅತ್ತೆ ಬಿಲ್ಲನ್ನು ನೋಡುತ್ತಿರಲಿಲ್ಲ, ನೆರಳನ್ನು ನೋಡುತ್ತಿದ್ದರು. ಎಲ್ಲಿ ಬಾಗದೆ ಬಿಗಿಯಾಗಿ ನಿಂತಿದೆಯೋ ಅಲ್ಲಿ ಇದ್ದಿಲಿನಿಂದ ಗುರುತು. ಕೆಳಗಿಳಿಸಿ ಆ ಗುರುತಿದ್ದಲ್ಲಿ ಮಾತ್ರ ಗಾಜಿನಿಂದ ಕೀಸುವುದು, ಮತ್ತೆ ಗೂಟಕ್ಕೆ ಏರಿಸುವುದು. ಅದೂ ಒಳಮುಖವನ್ನು ಮಾತ್ರ. ಹೊರಮುಖಕ್ಕೆ, ಅಂದರೆ ಬಿಲ್ಲಿನ ಬೆನ್ನಿಗೆ, ಗಾಜು ತಾಗಿದರೆ ಮುಗಿಯಿತು. "ಬಿಗಿ ಇದ್ದಲ್ಲೇ ತಗಿಬೇಕು. ಮೆತ್ತಗಿದ್ದದ್ದಕ್ಕ ಕೈ ಹಚ್ಚಬ್ಯಾಡ, ಅದು ಮೊದ್ಲೇ ದಣದಿರ್ತದ" ಎಂದು ನನಗೆ ಕಲಿಸಿದ್ದರು. ಅವರು ಮನೆ ನಡೆಸಿದ್ದೂ ಹಾಗೆಯೇ. ಬಿಗಿದು ಕೂರುತ್ತಿದ್ದ ಮಗನನ್ನು ಕೀಸಿ ಕೀಸಿ ಹದಕ್ಕೆ ತರುತ್ತಿದ್ದರು, ಬಾಣಂತನದಲ್ಲಿ ಸೊರಗಿದ್ದ ನನಗೆ ಒಂದು ಮಾತೂ ಆಡುತ್ತಿರಲಿಲ್ಲ. ಹೊಸದರಲ್ಲಿ ಅದು ನನಗೆ ಅರ್ಥವಾಗಿರಲಿಲ್ಲ.

ಎರಡೂ ತೋಳು ಒಂದೇ ಸಮ ಬಾಗಿದ ಮೇಲೆ ಪುಂಡಿ ನಾರು ಹೊಸೆದು ಗಟ್ಟಿ ಹೆದೆ. ನಾವು ಪಲ್ಯ ಮಾಡುವ ಅದೇ ಪುಂಡಿ, ಅದರ ದಂಟನ್ನು ನೀರಲ್ಲಿ ಕೊಳೆಸಿ ತೆಗೆದ ನಾರು. ಕೊನೆಗೆ ಕುಸುಬಿ ಎಣ್ಣೆ, ಬಟ್ಟೆಯಲ್ಲಿ ಅದ್ದಿ ದಿನಾ ತಿಕ್ಕುವುದು. "ಕುಡೀಲಿ ಬಿಡು, ಕುಡೀಲಿ" ಅನ್ನುತ್ತಿದ್ದರು, ಕೂಸಿಗೆ ಹಾಲು ಕುಡಿಸುವವರಂತೆ...

ಇಷ್ಟೆಲ್ಲ ಯಾಕೆ ಎಂಬುದು ನನಗೆ ತಡವಾಗಿ ತಿಳಿಯಿತು. ಮಾವನವರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಮೊದಲು ಬಿಲ್ಲು ಮಾಡುತ್ತಿದ್ದವರು ಅವರು, ಪಕ್ಕದಲ್ಲಿ ಕೂತು ಕೀಸಿ ಕಲಿತವರು ಅತ್ತೆ. ಒಂದು ವರ್ಷ ಮಾವನವರು ಅವಸರ ಮಾಡಿ, ಹಸಿ ಕಟ್ಟಿಗೆಯನ್ನು ಸಿರವಾರದ ಅಕ್ಕಿ ಗಿರಣಿಯೊಂದರ ಬಾಯ್ಲರ್ ಪಕ್ಕ ಇಟ್ಟು ಒಣಗಿಸಿದರು. ಅತ್ತೆ ಬೇಡವೆಂದರೂ ಕೇಳಲಿಲ್ಲ. ಬನ್ನಿ ಗಿಡದ ಮುಂದೆ, ಊರೆಲ್ಲ ನೋಡುತ್ತಿರುವಾಗ, ಎಳೆದ ಬಿಲ್ಲು ಎರಡು ತುಂಡಾಯಿತು. ಯುಗಾದಿ ಬರುವುದರೊಳಗೆ ಮಾವನವರು ಎದೆನೋವು ಬಂದು ಹೋಗಿಬಿಟ್ಟರು. ಊರು ಎರಡನ್ನೂ ಸೇರಿಸಿ ಗಂಟು ಹಾಕಿತು. ಬಿಲ್ಲು ಮುರಿದರೆ ಹೊಡೆದವನು ಉಳಿಯುವುದಿಲ್ಲ ಎಂಬ ಮಾತು ಹುಟ್ಟಿದ್ದು ಹಾಗೆ. ಆಮೇಲೆ ಬಿಲ್ಲು ಹಿಡಿಯುವ ಸರದಿ ಅವರ ಒಬ್ಬನೇ ಮಗನಿಗೆ, ಅಂದರೆ ನನ್ನ ಗಂಡನಿಗೆ ಬಂತು.

ಗಂಡ ತೀರಿದ ಮೇಲೆ ಅತ್ತೆ ಬನ್ನಿ ಗಿಡದ ಹತ್ತಿರ ಹೋಗಿರಲಿಲ್ಲ. ಆ ಸಂಜೆ ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟು ಕಾಯುತ್ತಿದ್ದರು. ಅಂಬು ದಿಂಡಿಗೆ ನೆಟ್ಟರೆ ಅಲ್ಲಿ ಹಲಗೆ ಬಾರಿಸುತ್ತಾರೆ. ಆ ಸದ್ದು ಕೇಳುವವರೆಗೆ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ಹಗಲೆಲ್ಲ ಜಂಬ ಕೊಚ್ಚುವ ಹೆಂಗಸು ಆ ಹೊತ್ತಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿರುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಒಂದು ಸಲ ತಡೆಯಲಾರದೆ, "ಕಟಗಿ ಮುರದ್ರ ಮನುಷ್ಯಾ ಸಾಯ್ತಾನೇನ್ರಿ ಅತ್ತಿ?" ಎಂದು ನೇರವಾಗಿ ಕೇಳಿದೆ.

"ಇಲ್ಲ. ಅದು ನಂಗೂ ಗೊತ್ತದ," ಅಂದರು. "ಆದ್ರ ಅಂವ ನನ್ನ ಮಗ."

ಅದಾದ ಮೇಲೆ ಒಂದು ದಸರೆ ಬಂತು. ಹಬ್ಬದ ಬೆಳಿಗ್ಗೆ ಕೊನೆಯ ಸಲ ಬಿಲ್ಲನ್ನು ಗೂಟಕ್ಕೆ ಏರಿಸಿ ಜೋಳ ಸುರಿಯುತ್ತಿದ್ದೆವು. ಚಟ್ ಎಂದು ಸಣ್ಣ ಸದ್ದಾಯಿತು. ಅತ್ತೆಯ ಕೈ ಅಲ್ಲಿಯೇ ನಿಂತಿತು. ಬಿಲ್ಲಿನ ಬೆನ್ನ ಮೇಲೆ, ಒಂದು ಪುಟ್ಟ ಗಂಟಿನ ಪಕ್ಕ, ಕೂದಲೆಳೆಯಂಥ ಸೀಳು. ಜೊತೆಗೆ ತಂದಿದ್ದ ಇನ್ನೊಂದು ಕಟ್ಟಿಗೆಯನ್ನು ಆ ವರ್ಷ ಗೆದ್ದಲು ತಿಂದು ಹಾಕಿತ್ತು. ಇದೆಲ್ಲ ಸುಳ್ಳು ಎಂದು ನಗುತ್ತಿದ್ದವಳು ನಾನೇ ಅಲ್ಲವೇ? ಆ ಸದ್ದಿಗೆ ನಾನು ತಿರುಗಿ ನೋಡಿದ್ದು ಬಿಲ್ಲನ್ನಲ್ಲ, ಗಂಡನನ್ನು. ನನ್ನ ಗಂಡ ಮೆಲ್ಲಗೆ ಎಳೆಯುತ್ತೇನೆ ಬಿಡು ಎಂದರು. "ನೀ ಹುಟ್ಟಿದಾಗಿಂದ ಏನರೆ ಮೆಲ್ಲಕ ಮಾಡೀಯೇನು?" ಎಂದು ಅತ್ತೆ ಬಿಲ್ಲನ್ನು ಕಿತ್ತುಕೊಂಡರು. ಸೀಳಿನ ಸುತ್ತ ಹಸಿ ಪುಂಡಿ ನಾರನ್ನು ಬಿಗಿಯಾಗಿ ಸುತ್ತಿದರು. ಸಂಜೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬಿಲ್ಲನ್ನು ತಾವೇ ಹಿಡಿದು ಮನೆಯಿಂದ ಹೊರಟರು. ನಾನು, ನನ್ನ ಗಂಡ ಹಿಂದೆ ಹಿಂದೆ.

ಬಿಲ್ಲು ಹಿಡಿದ ಅತ್ತೆಯನ್ನು ಕಂಡು ಬನ್ನಿ ಗಿಡದ ಹತ್ತಿರ ನೆರೆದವರು ದಾರಿ ಬಿಟ್ಟರು. ಮೊಬೈಲು ಹಿಡಿದು ನಿಂತಿದ್ದ ಹುಡುಗರು ಕೂಡ ಕೈ ಇಳಿಸಿದರು. ಊರಿನ ಗೌಡರು ಮುಂದೆ ಬಂದು, "ತಂಗೀ, ಇದು ಹೆಣ್ಮಕ್ಕಳು ಮಾಡೋದಲ್ಲ. ಅದ್ರಾಗೂ ನೀನು..." ಎಂದು ಮಾತನ್ನು ಅರ್ಧಕ್ಕೆ ನುಂಗಿದರು. ವಿಧವೆ ಎಂಬ ಪದ ಅವರ ಬಾಯಿಂದ ಬರಲಿಲ್ಲ.

"ಬಿಲ್ಲು ಮಾಡೋದು ನಾನು ಅಂತ ನಿಮಗ ಗೊತ್ತದ್ರಿ ಗೌಡ್ರ. ಇಷ್ಟು ವರ್ಷ ಅದು ನಡೀತು," ಎಂದರು ಅತ್ತೆ. ಅತ್ತೆ ಸೀಳು ತೋರಿಸಿದರು. "ಇದು ಮುರೀತದ. ಮುರಿಯೋದಾದ್ರ ನನ್ನ ಕೈಯಾಗ ಮುರೀಲಿ. ಮಗನ ಕೈಯಾಗ ಬ್ಯಾಡ."

ಯಾರೂ ಅಡ್ಡ ಬರಲಿಲ್ಲ. ಅತ್ತೆ ಚಪ್ಪಲಿ ಬಿಟ್ಟು ನಿಂತು, ಅಂಬು ಹೂಡಿ, ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ತಂದರು. ಗಂಡಸರ ಹಾಗೆ ಕಿವಿಯ ತನಕ ಎಳೆಯಲಿಲ್ಲ. ತಲೆ ವಾಲಿಸಿ ಕಟ್ಟಿಗೆಯ ಸದ್ದನ್ನೇ ಕೇಳುತ್ತಾ, ಅದು ಕೊಟ್ಟಷ್ಟನ್ನೇ ತೆಗೆದುಕೊಂಡರು. ಬಿಟ್ಟರು. ಅಂಬು ಹೋಗಿ ದಿಂಡಿಗೆ ನೆಟ್ಟಿತು, ಅದೇ ಕ್ಷಣಕ್ಕೆ ಅವರ ಕೈಯಲ್ಲಿ ಬಿಲ್ಲು ಫಟಾರೆಂದು ಮುರಿಯಿತು. ಹಲಗೆಯವನು ಕೋಲು ಎತ್ತಿದವನು ಎತ್ತಿಕೊಂಡೇ ನಿಂತ. ನನ್ನ ಗಂಡ "ಯವ್ವಾ!" ಎಂದು ಕೂಗಿದರು.

ಅತ್ತೆ ಬಗ್ಗಿ ಎರಡೂ ತುಂಡು ಎತ್ತಿಕೊಂಡರು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ತುಂಬ ಹೊತ್ತು ನೋಡಿದರು. ಆಮೇಲೆ ಗೌಡರ ಮುಂದೆ ಹಿಡಿದರು. "ನೋಡ್ರಿ. ಗಂಟು. ಹೊರಗ ಸಾಸಿವಿಯಷ್ಟಿತ್ತು, ಒಳಗ ಕೊಳತದ. ಅದಕ್ಕ ಮುರೀತು, ಮತ್ತೇನಿಲ್ಲ." ಗೌಡರಿಂದ ಪಕ್ಕದವರಿಗೆ, ಅಲ್ಲಿಂದ ಹೆಂಗಸರ ಗುಂಪಿಗೆ, ಎಲ್ಲರಿಗೂ ಪ್ರಸಾದ ಕೊಡುವ ಹಾಗೆ ಹಿಡಿದು ತೋರಿಸಿದರು. ಹಲಗೆಯವನಿಗೆ, "ಬಾರಸೋ, ಯಾಕ ನಿಂತಿ? ಅಂಬು ನೆಟ್ಟದಲ್ಲ!" ಎಂದು ಗದರಿದರು. ಹಲಗೆಯ ಸದ್ದು ಎದ್ದಿತು.

ಮನೆಗೆ ಬರುವಾಗ ಕಾಲುವೆಯ ಹತ್ತಿರ ಒಂದು ಗಳಿಗೆ ನಿಂತರು. "ನಿಮ್ಮ ಮಾವನ ಬಿಲ್ಲಿನ ತುಂಡು ಇದ್ರಾಗ ಒಗದಿದ್ರು. ನಾನು ಮನ್ಯಾಗ ಹೋಳಿಗಿ ಮಾಡಾಕತ್ತಿದ್ದೆ. ನಂಗ ಒಬ್ರೂ ತೋರಿಸ್ಲಿಲ್ಲ" ಎಂದರು. ಆಗ ಅತ್ತರು. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ... ಹೊಸ ತುಂಡುಗಳನ್ನು ಅವರು ನೀರಿಗೆ ಎಸೆಯಲಿಲ್ಲ. ಒಂದನ್ನು ಒಲೆಗೆ ಹಾಕಿ ಚಹಾ ಕಾಯಿಸಿದರು. ಇನ್ನೊಂದನ್ನು ಕೊಯ್ದು, ಕಳೆ ಕೀಳುವ ಕುರ್ಪಿಗೆ ಹಿಡಿ ಮಾಡಿಕೊಂಡರು.

ಆ ಕುರ್ಪಿ ಹಿಡಿದು ಅತ್ತೆ ವರ್ಷಾನುಗಟ್ಟಲೆ ಕಳೆ ಕಿತ್ತರು. ಮೊದಲ ಯುಗಾದಿಯವರೆಗೆ ಊರು ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ನಿಜ. ಯುಗಾದಿಯ ಬೆಳಿಗ್ಗೆ ಬೇವು-ಬೆಲ್ಲ ತೆಗೆದುಕೊಂಡು ನೇರ ಗೌಡರ ಮನೆಗೇ ಹೋಗಿ, "ಗೌಡ್ರ, ಇನ್ನೂ ಅದೀನ್ರಿ!" ಎಂದು ಬಂದರು. ಆಮೇಲೆ ಪ್ರತಿ ಯುಗಾದಿಗೂ ಅದೇ ಮಾತು. ಗೌಡರೇ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ದಸರೆಯಿಂದ ಬಿಲ್ಲು ಮತ್ತೆ ಮಗನ ಕೈಗೆ ಹೋಯಿತು. ಅತ್ತೆ ಹೊಟ್ಟೆ ತುಂಬ ಹೋಳಿಗೆ ತಿಂದು, ಗಿಡದ ಹತ್ತಿರ ಮುಂದಿನ ಸಾಲಿನಲ್ಲೇ ನಿಂತು, ಜಿಲ್ಲೆಯಲ್ಲೇ ಇಂಥ ಬಿಲ್ಲು ಇಲ್ಲವೆಂದು ಪಕ್ಕದವರಿಗೆ ಹೇಳುತ್ತಿದ್ದರು.

ಗಾಣದಿಂದ ತಂದ ಎಣ್ಣೆ ಈಗ ನನ್ನ ಮುಂದಿದೆ. ಈ ವರ್ಷದ ಬಿಲ್ಲು ನನ್ನದು. ಗೋಡೆಯ ಮೇಲೆ ನೆರಳು ಸಮನಾಗಿ ಬಾಗಿದೆ, ಗಾಜು ಹಿಡಿದ ಕೈಗೆ ಎಲ್ಲಿ ನಿಲ್ಲಬೇಕೆಂದು ತಿಳಿದಿದೆ. ಚೆನ್ನಾಗಿ ಬಂದಿದೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಜಿಲ್ಲೆಯಲ್ಲೇ ಇಲ್ಲ ಎಂದು ಒಂದು ಸಲ ಗಟ್ಟಿಯಾಗಿ ಅಂದೂ ನೋಡಿದೆ. ತಿರುಗಿ ಮಾತು ಕೊಡುವವರಿಲ್ಲದೆ ಅದು ಸಪ್ಪೆಯಾಯಿತು.

ಮುರಿದೀತೆಂಬ ಹೆದರಿಕೆ ನನಗಿಲ್ಲ. ಹೋದ ವರ್ಷ ದಸರೆ ಮುಗಿದು, ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ, ಅತ್ತೆ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ನಾನೊಬ್ಬಳೇ ಬನ್ನಿ ಗಿಡದ ಹತ್ತಿರ ಹೋಗಿದ್ದೆ. ಅವರು ಕೊನೆಯದಾಗಿ ಕೀಸಿದ ಬಿಲ್ಲು ಕವಲಿನಲ್ಲಿ ಹಾಗೇ ಇತ್ತು. ಇಳಿಸಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ಹುಡುಕಿದೆ. ಎಲ್ಲೂ ಒಂದು ಸೀಳಿಲ್ಲ, ಒಂದು ಗಂಟಿಲ್ಲ, ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಮುರಿದಿದ್ದರೆ ಬೈಯಲಿಕ್ಕಾದರೂ ಏನೋ ಒಂದು ಇರುತ್ತಿತ್ತು.