ಅತ್ತಿಗೆಗೆ ತೋರಿಸಿದ ಸಿನಿಮಾ

ಪ್ರೊಜೆಕ್ಟರ್ ಮಾಡಲು ನನಗೆ ಏಳು ತಿಂಗಳು ಹಿಡಿಯಿತು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ನಾನು ಫಿಟ್ಟರ್. ಗುಜರಿಯಲ್ಲಿ ಬೇಸಾಯದ ಹಳೆಯ ಚಿತ್ರವೊಂದರ ರೀಲು ಸಿಕ್ಕಿತ್ತು. ಅದನ್ನು ಓಡಿಸಿ ನೋಡುವ ಹುಚ್ಚು ಹತ್ತಿತು. ಹೊಲಿಗೆ ಮಿಷನ್ನಿನ ಮೋಟಾರು, ಬೈಕಿನ ದೀಪ ಜೋಡಿಸಿದೆ. ನನ್ನ ಹೆಮ್ಮೆಯೆಲ್ಲ ಇದ್ದದ್ದು ಶಟರಿನಲ್ಲಿ. ದೀಪದ ಮುಂದೆ ತಿರುಗುತ್ತಾ ಬೆಳಕನ್ನು ತಡೆದು ಬಿಡುವ ಎರಡು ತಗಡಿನ ರೆಕ್ಕೆಗಳು. ತಿರುಪು ಸಡಿಲಿಸಿ ರೆಕ್ಕೆಗಳನ್ನು ಸರಿಸಿದರೆ ನಡುವಿನ ಸಂದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಚಿತ್ರ ನಿಚ್ಚಳವಾಗುವುದೂ ಪಟಪಟನೆ ಮಿನುಗುವುದೂ ಅದರ ಮೇಲೆಯೇ.

ಒಂದು ಭಾನುವಾರ ಅದನ್ನು ಹೊತ್ತು ಬಸ್ಸಿನಲ್ಲಿ ನರಸೀಪುರದ ಅಣ್ಣನ ಮನೆಗೆ ಹೋದೆ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ ಗೋಡೆಯ ಮೇಲೆ ಚಿತ್ರ ಬಿಟ್ಟೆ. ನಾಟಿ ಮಾಡುವ ಹೆಂಗಸರು ಕಂಡರು. ಮುಂದೆಯೇ ಕೂತಿದ್ದ ಅತ್ತಿಗೆ, "ನಮ್ಮೂರ್ ಸೋಸಲೆ ಗದ್ದೆ ಇದ್ದಂಗೇ ಅದೆ ಕಣಪ್ಪ" ಎಂದು ನಕ್ಕರು.

ಅಣ್ಣ ಮಾತ್ರ, "ಇದ್ರಲ್ಲೇನ್ಲಾ ವಿಶೇಷ? ಫೋನಲ್ಲಿ ಇದ್ಕಿಂತ ಚೆನ್ನಾಗ್ ಕಾಣ್ತದೆ" ಎಂದ.

ಚುರುಕ್ಕೆಂದಿತು. ಮೊದಲು ಮಿನುಗಿಸಿ, ಆಮೇಲೆ ನಿಚ್ಚಳ ಮಾಡಿ ಶಟರಿನ ಮಹಿಮೆ ತೋರಿಸಿಯೇ ಬಿಡುತ್ತೇನೆಂದು ಮೋಟಾರು ನಿಲ್ಲಿಸಿ ತಿರುಪಿಗೆ ಕೈ ಹಾಕಿದೆ.

ಅತ್ತಿಗೆಗೆ ಮೂರ್ಛೆ ರೋಗವಿದೆ. ಮಿನುಗುವ ಬೆಳಕು ಆಗದು ಎಂದು ಮೈಸೂರಿನ ಡಾಕ್ಟರು ಹೇಳಿದಾಗ ಜೊತೆಗಿದ್ದವನು ನಾನೇ, ಅಣ್ಣ ಬಂದಿರಲಿಲ್ಲ. ತಿರುಪು ಸಡಿಲಿಸುವಾಗ ಆ ಮಾತು ನೆನಪಾಯಿತು. ಒಂದು ನಿಮಿಷ ತಾನೇ ಅಂದುಕೊಂಡೆ.

ಮತ್ತೆ ಮೋಟಾರು ಹಾಕಿದೆ. ಗೋಡೆ ಪಟಪಟನೆ ಮಿನುಗತೊಡಗಿತು. "ಕಣ್ ಕುಕ್ತದೆ, ನಿಲ್ಸ್ಲಾ" ಎಂದು ಅಣ್ಣ ಅನ್ನುವಷ್ಟರಲ್ಲಿ ಅತ್ತಿಗೆ ಪಕ್ಕಕ್ಕೆ ಉರುಳಿದರು. ಕೈಕಾಲು ಸೆಟೆದವು. ನಾಲಿಗೆ ಕಚ್ಚಿ ತುಟಿಯೆಲ್ಲ ರಕ್ತ. ಅಣ್ಣ ಅವರನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡ. ನಾನು ಕಂಬಳಿ ಕಿತ್ತೆ.

ಅವರಿಗೆ ಎಚ್ಚರವಾದಾಗ ಅಣ್ಣ, "ಬೆಳಗ್ಗೆ ಮಾತ್ರೆ ನುಂಗ್ನಿಲ್ಲ ಅಲ್ವಾ? ಎಷ್ಟ್ ಸಲ ಏಳ್ಬೇಕು ನಿಂಗೆ?" ಎಂದು ಗದರಿದ. ಅತ್ತಿಗೆ ನನ್ನತ್ತ ತಿರುಗಿ, "ನಿನ್ ಸಿನಿಮಾನ ನಾನೇ ಕೆಡಿಸ್ಬುಟ್ಟೆ ಕಣಪ್ಪ" ಎಂದರು.

"ಪರವಾಗಿಲ್ಲ ಬುಡಿ" ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಮೂರು ವಾರ ಸುಮ್ಮನಿದ್ದೆ. ಅಣ್ಣ ಫೋನಿನಲ್ಲಿ, ಈಗ ದಿನಾ ಎದುರಿಗೇ ನಿಂತು ಮಾತ್ರೆ ನುಂಗಿಸುತ್ತೇನೆ ಎಂದು ಹೇಳುತ್ತಿದ್ದ. ಕೊನೆಗೆ ಹೋಗಿ, ಡಾಕ್ಟರ ಮಾತು ನೆನಪಿದ್ದೇ ಮಿನುಗಿಸಿದೆ ಎಂದು ಇಬ್ಬರ ಮುಂದೆಯೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದ. ಅತ್ತಿಗೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಮಾತ್ರೆ ನುಂಗಿದ್ದೆ ಕಣಪ್ಪ. ಏಳುದ್ರೆ ಇವ್ರು ನಂಬ್ನಿಲ್ಲ. ಆಮೇಲಾಮೇಲೆ ನಂಗೇ ಅನ್ಮಾನ ಬಂದ್ಬುಡ್ತು."

ಎಂದೂ ಊಟ ಹಾಕದೆ ನನ್ನನ್ನು ಕಳಿಸಿದವರಲ್ಲ ಅವರು. ಆ ದಿನ ಊಟಕ್ಕೆ ಏಳು ಎನ್ನಲಿಲ್ಲ. ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದೆ.