ಹೆಂಚಿನಿಂದ ಉರುಳಿದ ಹಲ್ಲು

ನಾನಿನ್ನೂ ಚಿಕ್ಕವನಿದ್ದಾಗ, ಎರಡು ವರ್ಷ ನನ್ನ ಬಾಯಿಯ ಮೇಲ್ಸಾಲಿನ ಮುಂಭಾಗದಲ್ಲಿ ಒಂದು ಹಲ್ಲಿನ ಜಾಗ ಖಾಲಿಯೇ ಇತ್ತು. ಹಾಲುಹಲ್ಲು ಬಿದ್ದಿತ್ತು, ಹೊಸದು ಬಂದಿರಲಿಲ್ಲ. ಚೇಪೆಕಾಯಿಯನ್ನು ಬಾಯಿಯ ಮೂಲೆಯಿಂದ ಕಡಿಯಬೇಕಿತ್ತು. ಶಾಲೆಯ ಹುಡುಗರು ನನ್ನನ್ನು 'ಕಿಟಕಿ' ಎಂದು ಕರೆಯುತ್ತಿದ್ದರು. ಆದರೆ ಆ ಕಿಟಕಿಯಿಂದ ನನಗಿಂತ ಹೆಚ್ಚು ನೊಂದವಳು ಅಕ್ಕ.

ಏಕೆಂದರೆ ಆ ಹಾಲುಹಲ್ಲನ್ನು ಎಸೆದವಳು ಅವಳು. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದರು. ಅದು ಮೇಲೆಯೇ ಉಳಿದರೆ ಹೊಸ ಹಲ್ಲು ಬರುತ್ತದೆಂದು ನಂಬಿಕೆ. ನನ್ನ ಕೈಗೆ ಬಲ ಸಾಲದೆಂದು ಅಕ್ಕ ಎಸೆದಳು. ಉಂಡೆ ಪಾಚಿಗಟ್ಟಿದ ಹೆಂಚಿನ ಮೇಲೆ ಕೂತಂತೆ ಮಾಡಿ, ಉರುಳಿ ಬಂದು ಅಜ್ಜಿಯ ಕಾಲ ಬುಡದಲ್ಲೇ ಬಿತ್ತು. ನಾವು ಬಗ್ಗುವಷ್ಟರಲ್ಲಿ ಕೋಳಿಯೊಂದು ಅದನ್ನು ಕೆದರಿ ಹಾಕಿತು. ಮತ್ತೆ ಎಸೆಯೋಣವೆಂದರೆ ಹಲ್ಲೇ ಸಿಗಲಿಲ್ಲ.

ಅಂದಿನಿಂದ ನಾನು ಬಾಯಿ ತೆರೆದಾಗಲೆಲ್ಲ ಅಜ್ಜಿ ಅಕ್ಕನ ಕಡೆ ತಿರುಗುತ್ತಿದ್ದಳು. "ನೋಡೇ ನಿನ್ನ ಕೈಗುಣ! ಮಗೀನ ಮೊಕಾನೇ ಹಾಳ್ಮಾಡ್ಬುಟ್ಟೆ."  ಅಕ್ಕ ದಿನಾ ಬೆಳಿಗ್ಗೆ ನನ್ನ ತುಟಿ ಎತ್ತಿ, ಒಸಡನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಏನೂ ಇರುತ್ತಿರಲಿಲ್ಲ.

ಅಪ್ಪ ಯಸಳೂರಿನ ಕಡೆಯ ಒಂದು ಕಾಫಿ ಎಸ್ಟೇಟ್‌ನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ಗಂಟೆ ಹೊಡೆದಾಗ ಕೆಲಸದವರೆಲ್ಲ ಹಾಜರಿಗೆ ನಿಂತಿರಬೇಕು. ಮನೆಯಲ್ಲೂ ಅದೇ ಕ್ರಮ. ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ಎಲ್ಲಕ್ಕೂ ಹೊತ್ತು ನಿಗದಿಯಾಗಿತ್ತು. ಹೊತ್ತಿಗೆ ಸರಿಯಾಗಿ ಬಾರದದ್ದು ನನ್ನ ಹಲ್ಲೊಂದೇ. ಕೊನೆಗೆ ಒಂದು ಬೇಸಿಗೆ ರಜೆಯಲ್ಲಿ ಅಪ್ಪ, "ಕಾದಿದ್ದು ಸಾಕು" ಎಂದು ನನ್ನನ್ನೂ ಅಕ್ಕನನ್ನೂ ಹಾಸನಕ್ಕೆ ಕರೆದುಕೊಂಡು ಹೊರಟರು.

ಹೂಮಳೆ ಬಿದ್ದು, ಗಿಡಗಳು ಅರಳಿ ತೋಟಗಳೆಲ್ಲ ಬೆಳ್ಳಗಾಗಿದ್ದವು. ಕಾಫಿ ಹೂವಿನ ವಾಸನೆ ಬಸ್ಸಿನೊಳಗೂ ತುಂಬಿತ್ತು. ಆಲೂರು ದಾಟಿದ ಮೇಲೆ ನಾನು ಸೂಜಿ ಚುಚ್ಚುತ್ತಾರಾ ಎಂದು ಮತ್ತೆ ಮತ್ತೆ ಕೇಳತೊಡಗಿದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. ಅವಳ ಕೈಯೇ ನನ್ನದಕ್ಕಿಂತ ತಣ್ಣಗಿತ್ತು.

ಹಲ್ಲಿನ ಆಸ್ಪತ್ರೆಯ ತುಂಬ ಲವಂಗದ ಎಣ್ಣೆಯ ಘಾಟು. ಬೆಂಚಿನ ಒಂದು ತುದಿಯಲ್ಲಿ ಕೆನ್ನೆ ಊದಿದ ಹುಡುಗಿ ಕೂತಿದ್ದಳು. ಬುದ್ಧಿಹಲ್ಲು ಅಡ್ಡ ಮಲಗಿ ಪಕ್ಕದ ಹಲ್ಲನ್ನು ತಳ್ಳುತ್ತಿತ್ತಂತೆ, ತೆಗೆಯಲೇಬೇಕಂತೆ. ಇನ್ನೊಂದು ತುದಿಯಲ್ಲಿದ್ದವರಿಗೆ ದವಡೆ ಮುರಿದಿತ್ತು. ಮೂಳೆ ಕೂಡುವ ತನಕ ಅಲ್ಲಾಡದಿರಲೆಂದು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದರು. "ಮೆಣಸು ಕುಯ್ಯಕ್ಕೆ ಹೋಗಿ ಏಣಿ ಸಮೇತ ಬಿದ್ರು ಕಣಪ್ಪ," ಎಂದರು ಅವರ ಹೆಂಡತಿ. "ಬರೀ ಗಂಜಿ. ಅದೂ ಹೀರ್ಕಂಡು. ಆದ್ರೆ ಮನೇಲಿ ಜಗಳ ಅನ್ನೋದೇ ಇಲ್ಲ ಮಾರಾಯ!" ಪಾಪ, ಗಂಡನಿಗೆ ನಗಲೂ ಬಾಯಿ ತೆರೆಯಲಾಗಲಿಲ್ಲ. ಭುಜ ಮಾತ್ರ ಕುಲುಕಿತು.

ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಬೆಂಕಿಪೊಟ್ಟಣದಷ್ಟು ಫಿಲಂ ಅನ್ನು ಬೆಳಕಿಗೆ ಹಿಡಿದರು. "ನಿಮ್ಮ ಹುಡುಗನಿಗೆ ಒಂದು ಹಲ್ಲು ಜಾಸ್ತಿ ಇದೆ ಕಣ್ರೀ."

"ಜಾಸ್ತಿನಾ? ನಾವು ಕಮ್ಮಿ ಅಂತ ಬಂದ್ವಿ, ಡಾಕ್ಟ್ರೇ!" ಎಂದರು ಅಪ್ಪ.

"ಘಾಟಿಲಿ ಲಾರಿ ಅಡ್ಡ ನಿಂತ್ರೆ ಹಿಂದಿನ ಬಸ್ಸು ಹೆಂಗೆ ಬರುತ್ತೆ? ಹೊಸ ಹಲ್ಲು ಬಂದು ಮೂಳೆಯೊಳಗೆ ನಿಂತಿದೆ. ಅದರ ದಾರೀಲಿ ಇದೊಂದು ಪುಟ್ಟ ಹಲ್ಲು ಕೂತಿದೆ. ಒಸಡು ಬಿಡಿಸಿ ಇದನ್ನ ತೆಗೆದ್ರೆ ಅದು ತಾನೇ ಬರುತ್ತೆ."

ಆಗ ಅಕ್ಕ ಮೆಲ್ಲಗೆ ಕೇಳಿದಳು, "ಮೇಡಂ, ನಾನು ಎಸೆದ ಹಾಲುಹಲ್ಲು ಹೆಂಚಿನಿಂದ ವಾಪಸ್ ಬಿತ್ತು. ಅದಕ್ಕೇ ಹಿಂಗಾಯ್ತಾ?"

ಡಾಕ್ಟರಮ್ಮ ನಗಲಿಲ್ಲ. "ಇಲ್ಲಮ್ಮ. ನೀನು ಎಸೆಯೋಕೆ ಮುಂಚೆನೇ ಇದು ಇಲ್ಲಿತ್ತು."

ಅಕ್ಕ ಆ ಫಿಲಂ ಮನೆಗೆ ಬೇಕೆಂದು ಕೇಳಿ ಪಡೆದು, ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡಳು.

ಸೂಜಿ ಚುಚ್ಚಿದ್ದು ಚಗಳಿ ಇರುವೆ ಕಚ್ಚಿದಂತಿತ್ತು. ಆಮೇಲೆ ತುಟಿ ನನ್ನದೇ ಅಲ್ಲವೆನ್ನಿಸಿತು. ತಳ್ಳುವುದು, ಎಳೆಯುವುದು ತಿಳಿಯುತ್ತಿತ್ತು, ನೋವಿರಲಿಲ್ಲ. ಕೊನೆಗೆ ಮೊನಚಾದ ಪುಟ್ಟ ಹಲ್ಲೊಂದು ಬಟ್ಟಲಿನಲ್ಲಿ ಟಣ್ಣೆಂದಿತು. ಒಸಡಿಗೆ ಹೊಲಿಗೆ ಹಾಕಿ, ಅರಳೆ ಕಚ್ಚಿಸಿ, ಉಗುಳಬಾರದು, ಇವತ್ತು ಬಿಸಿ ಮುಟ್ಟಬಾರದು ಎಂದರು. ತಣ್ಣಗಿನದು ಒಳ್ಳೆಯದು ಎಂದದ್ದೇ ನೆಪವಾಗಿ ಅಪ್ಪ ಐಸ್‌ಕ್ರೀಮ್ ಕೊಡಿಸಿದರು.

ಮನೆಯಲ್ಲಿ ಅಜ್ಜಿ ಹಬೆಯಾಡುವ ಮೆಣಸಿನ ಕಷಾಯ ಹಿಡಿದು ಕಾದಿದ್ದಳು. "ಇವತ್ತು ಬಿಸಿ ಇಲ್ಲ. ನಾಳೆಯಿಂದ ಉಪ್ಪುನೀರು," ಎಂದರು ಅಪ್ಪ, ಹಾಜರಿ ಕೂಗುವ ದನಿಯಲ್ಲಿ. ಅಕ್ಕ ಫಿಲಂ ಅನ್ನು ಸಂಜೆ ಬಿಸಿಲಿಗೆ ಹಿಡಿದು ಅಜ್ಜಿಗೆ ಎಲ್ಲವನ್ನೂ ಹೇಳಿದಳು. ಅಜ್ಜಿ ಅದನ್ನು ತಿರುವಿಮುರುವಿ ನೋಡಿದಳು. "ಹಂಗಾದ್ರೆ ನಿಂದೇನೂ ಇಲ್ಲ ಬುಡು," ಎಂದು ಒಳಗೆ ಹೋದಳು. ಅಂದು ಹಾಲಿನ ಕೆನೆ ಅಕ್ಕನ ಲೋಟಕ್ಕೆ ಬಿತ್ತು. ಅದುವರೆಗೂ ಅದು ನನ್ನದಾಗಿತ್ತು.

ಆಮೇಲೆ, ಆಸ್ಪತ್ರೆಯಿಂದ ಕಟ್ಟಿಸಿಕೊಂಡು ತಂದಿದ್ದ ಪುಟ್ಟ ಹಲ್ಲಿಗೆಂದು ಅಜ್ಜಿ ಸಗಣಿ ತಂದಳು. ಅಕ್ಕ ಕಿರುಚಿದಳು, "ಬ್ಯಾಡ ಅಜ್ಜಿ! ಎಸೆದ್ರೆ ಇದೂ ಹುಟ್ಟುತ್ತೆ!"

"ಹಂಗಾದ್ರೆ ಹೂತಾಕು."

"ಹೂತಾಕಿದ್ರೆ ಅವರೆಕಾಳಿನಂಗೆ ಮೊಳೆಯಲ್ವಾ?"

ಅಪ್ಪ ಎದ್ದು, ಹಲ್ಲನ್ನು ಹಂಡೆಯ ಒಲೆಗೆ ಹಾಕಿ ಚರ್ಚೆ ಮುಗಿಸಿದರು.

ಕಾಫಿ ಹಣ್ಣಾಗುವ ಕಾಲಕ್ಕೆ ಒಂದು ಬೆಳಿಗ್ಗೆ ಅಕ್ಕನ ಬೆರಳಿಗೆ ಹರಿತವಾದದ್ದೇನೋ ತಾಕಿತು. ಅವಳ ಕೂಗಿಗೆ ಎಲ್ಲರೂ ಓಡಿ ಬಂದರು. ಅಪ್ಪ ನನ್ನ ಬಾಯೊಳಗೆ ಇಣುಕಿ, "ಲೇಟು," ಎಂದು ನಕ್ಕರು.

ಈಗ ಅಕ್ಕನ ಮೊಮ್ಮಕ್ಕಳು ನನ್ನನ್ನು ಚಿಕ್ಕಜ್ಜ ಎನ್ನುತ್ತಾರೆ. ಅವರ ಮನೆಗೆ ಹೆಂಚಿಲ್ಲ, ತಾರಸಿಯಿದೆ. ಅವರ ಹಲ್ಲಿನ ಎಕ್ಸ್‌ರೇ ಮೊಬೈಲಿಗೇ ಬರುತ್ತದೆ. ಸಗಣಿ ಸಿಗದೆ, ಮೊನ್ನೆ ಬಿದ್ದ ಹಲ್ಲನ್ನು ಗೋಧಿ ಹಿಟ್ಟಿನ ಉಂಡೆಯಲ್ಲಿಟ್ಟುಕೊಂಡು ಮೊಮ್ಮಗಳು ಅಂಗಳಕ್ಕೆ ಬಂದಳು. ಎಸೆದದ್ದು ಸೋಲಾರ್ ಗಾಜಿಗೆ ಬಡಿದು ವಾಪಸು ಬಂತು. ಅವಳ ಮುಖ ಬಾಡಿತು.

"ಅಜ್ಜಿ, ನೀನೇ ಎಸಿ."

"ನಾನೊಲ್ಲೆ ತಾಯಿ," ಎಂದಳು ಅಕ್ಕ. "ನಿಮ್ಮ ಚಿಕ್ಕಜ್ಜನ ಕೈಗೆ ಕೊಡು. ನಂಗೆ ಅನುಭವ ಐತೆ."