ಪಿಕಪ್ ಮೇಲಿನ ಮನೆಯ ತೂಕ

ಹನ್ನೊಂದು ವರ್ಷ ನಾನು ಕನಕಪುರ ರಸ್ತೆಯ ಒಂದು ವೇಬ್ರಿಡ್ಜಿನಲ್ಲಿ ಕೆಲಸ ಮಾಡಿದೆ. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತಿತ್ತು. ನಾನು ಕಿಟಕಿಯ ಒಳಗೆ ಕೂತು, ಕಂಪ್ಯೂಟರಿನಲ್ಲಿ ಕಂಡ ತೂಕವನ್ನು ಚೀಟಿಗೆ ಇಳಿಸಿ ಕೊಡುತ್ತಿದ್ದೆ. ಕಲ್ಲು, ಒಣಹುಲ್ಲು, ತೆಂಗಿನಕಾಯಿ, ಗುಜರಿ ಕಬ್ಬಿಣ ಎಲ್ಲವೂ ನನ್ನ ಕಿಟಕಿಯ ಮುಂದೆ ಹಾದುಹೋಗಿವೆ. ತೂಗುವ ಮೊದಲು ಸುಮ್ಮನೆ ಮಾತಿಗೆ, ಎಷ್ಟಿರಬಹುದು ಅಣ್ಣ ಎಂದು ಕೇಳುತ್ತಿದ್ದೆ. ಕೊಳ್ಳುವವನು ಒಂದು ಹೇಳುತ್ತಿದ್ದ, ಮಾರುವವನು ಇನ್ನೊಂದು ಹೇಳುತ್ತಿದ್ದ. ಚೀಟಿಯಲ್ಲಿ ಬರುತ್ತಿದ್ದುದು ಮೂರನೆಯದು.

ಹೊಸ ರಸ್ತೆ ಬಂದು ಲಾರಿಗಳೆಲ್ಲ ಆ ಕಡೆ ತಿರುಗಿದ ಮೇಲೆ ವೇಬ್ರಿಡ್ಜ್ ಮುಚ್ಚಿತು. ನಾನು ಮನೆಯಲ್ಲಿ ಉಳಿದೆ. ನನ್ನ ಗಂಡ ಮಾತ್ರ ವರ್ಷದಲ್ಲಿ ಐದಾರು ತಿಂಗಳು ಮನೆಯಲ್ಲಿರುತ್ತಿರಲಿಲ್ಲ. ಅವರಿಗೆ ಜೇನು ಸಾಕಣೆ. ನಲವತ್ತು ಪೆಟ್ಟಿಗೆ ಜೇನು, ಒಂದು ಹಳೆಯ ಪಿಕಪ್ ಗಾಡಿ. ಮಾವು ಹೂಬಿಟ್ಟಾಗ ಮಾಗಡಿ ಕಡೆ, ಹೊಂಗೆ ಹೂಬಿಟ್ಟಾಗ ಕೋಡಿಹಳ್ಳಿ ಕಡೆ, ಉಳಿದ ದಿನಗಳಲ್ಲಿ ಸೋಲೂರಿನ ತೆಂಗಿನ ತೋಟಗಳಲ್ಲಿ. ಪೆಟ್ಟಿಗೆಗಳನ್ನು ಬಿಟ್ಟು ಬರುವ ಹಾಗಿಲ್ಲ. ಇರುವೆ ಹತ್ತುತ್ತದೆ, ದನ ಬಂದು ಕೆಡವುತ್ತದೆ. ಹಾಗಾಗಿ ಅವರು ಗಾಡಿಯ ಹಿಂದೆ ಟಾರ್ಪಾಲು ಕಟ್ಟಿಕೊಂಡು ಅಲ್ಲೇ ಇರುತ್ತಿದ್ದರು. ಐವತ್ತು ದಾಟಿದ ಮೇಲೆ ಬೆನ್ನು ಹಿಡಿದುಕೊಳ್ಳತೊಡಗಿತು. ಮನೆಗೆ ಬಂದರೆ ಮೊದಲ ಎರಡು ದಿನ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ.

ನನಗೂ ಜೊತೆಗೆ ಹೋಗುವ ಆಸೆ. ಆದರೆ ಗಂಡಸು ಟಾರ್ಪಾಲಿನ ಕೆಳಗೆ ಇದ್ದಂತೆ ಹೆಂಗಸು ಇರಲಾಗುವುದಿಲ್ಲ. ಬೇರೆಯವರ ತೋಟದಲ್ಲಿ ಸ್ನಾನ ಎಲ್ಲಿ, ಸೀರೆ ಬದಲಿಸುವುದು ಎಲ್ಲಿ? ಒಂದು ಬಾಗಿಲು, ಒಂದು ಚಿಲಕ ಬೇಕಿತ್ತು. ಅಷ್ಟೇ ನಾನು ಕೇಳಿದ್ದು.

ಒಂದು ದಿನ ಅವರು ಕುದೂರಿನಿಂದ ಫೋನ್ ಮಾಡಿದರು. ದನಿಯಲ್ಲೇ ಉತ್ಸಾಹ ಗೊತ್ತಾಗುತ್ತಿತ್ತು.

"ಲೇ ಅಮ್ಮಿ, ಒಂದು ಮನೆ ಸಿಕ್ಕದೆ ಕಣೆ. ಪಿಕಪ್ ಮ್ಯಾಕೆ ಕೂರ್ಸೋ ಮನೆ. ಬಾಗ್ಲು ಐತೆ, ಚಿಲ್ಕಾನೂ ಐತೆ."

ಬಸ್ಸುಗಳ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಒಬ್ಬರು ಅದನ್ನು ತಮ್ಮ ಕೈಯಾರೆ ಕಟ್ಟಿದ್ದರಂತೆ. ಊರೂರು ಸುತ್ತಬೇಕೆಂದು ಕಟ್ಟಿದ್ದು, ಒಮ್ಮೆ ಮಾತ್ರ ಹೋಗಿ ಬಂದು ನಿಲ್ಲಿಸಿಬಿಟ್ಟಿದ್ದರು. ಆಮೇಲೆ ಗಾಡಿಯನ್ನೂ ಮಾರಿದ್ದರು. ಈಗ ಮನೆ ಮಾತ್ರ ಅವರ ಹಿತ್ತಿಲಲ್ಲಿ ನಾಲ್ಕು ಕಬ್ಬಿಣದ ಕಾಲಿನ ಮೇಲೆ ನಿಂತಿತ್ತು.

"ತೂಕ ಎಷ್ಟಂತೆ?" ಎಂದು ಕೇಳಿದೆ.

"ನಾನೂರೈವತ್ತು ಕೆಜಿ ಅಂತಾವ್ರೆ. ನಿಂಗೆ ಬರೀ ಅದೇಯಾ?"

ಅಂದು ರಾತ್ರಿಯೇ ಅವರು ಗಾಡಿ ತೆಗೆದುಕೊಂಡು ಮನೆಗೆ ಬಂದರು, ಮರುದಿನ ಇಬ್ಬರೂ ಹೊರಟೆವು. ದಾರಿಯಲ್ಲಿ ಮಾಗಡಿ ಹತ್ತಿರ ಒಂದು ವೇಬ್ರಿಡ್ಜ್ ಕಂಡಾಗ ಗಾಡಿ ನಿಲ್ಲಿಸಲು ಹೇಳಿದೆ. ಆರ್‌ಸಿ ಪುಸ್ತಕದ ಪ್ರಕಾರ ನಮ್ಮ ಗಾಡಿಯ ಖಾಲಿ ತೂಕ ಸಾವಿರದ ಆರುನೂರು ಕೆಜಿ, ಹೊರೆ ಸೇರಿ ಹೆಚ್ಚೆಂದರೆ ಎರಡು ಸಾವಿರದ ಆರುನೂರು. ಅಂದರೆ ಒಂದು ಸಾವಿರ ಕೆಜಿ ಹೇರಬಹುದು. ಆದರೆ ಪುಸ್ತಕದ ಗಾಡಿ ಬೇರೆ, ರಸ್ತೆಯ ಮೇಲಿನ ಗಾಡಿ ಬೇರೆ. ನಮ್ಮದಕ್ಕೆ ಹಿಂದೆ ಕಬ್ಬಿಣದ ಕಟಕಟೆ ಕಟ್ಟಿಸಿದ್ದೆವು. ಮುಂದೆ ಗಾರ್ಡು, ಮೇಲೆ ಕ್ಯಾರಿಯರ್, ಟ್ಯಾಂಕ್ ತುಂಬ ಡೀಸೆಲ್, ಸೀಟಿನ ಹಿಂದೆ ಜಾಕಿ, ಹಗ್ಗ, ಸರಪಣಿ. ನಾವಿಬ್ಬರೂ ಕೆಳಗಿಳಿದು ತೂಗಿದಾಗ ಖಾಲಿ ಗಾಡಿಯೇ ಸಾವಿರದ ಏಳುನೂರ ಎಂಬತ್ತು ಬಂತು. ನೂರ ಎಂಬತ್ತು ಕೆಜಿ ಅಲ್ಲೇ ಖರ್ಚು. ಉಳಿದದ್ದು ಎಂಟುನೂರ ಇಪ್ಪತ್ತು. ನಾವಿಬ್ಬರು ಕೂತರೆ ಅದರಲ್ಲಿ ನೂರ ನಲವತ್ತು ಹೋಯಿತು.

ಮುಂದಿನ ಚಕ್ರಗಳನ್ನು ಮಾತ್ರ ಹಾಸಿನ ಮೇಲೆ ನಿಲ್ಲಿಸಿ ಮತ್ತೊಮ್ಮೆ ತೂಗಿಸಿದೆ. ಒಂಬೈನೂರ ಅರವತ್ತು. ಅಲ್ಲಿನ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು. ನನ್ನ ಗಂಡ ಮತ್ತೆ ಗಾಡಿ ಹತ್ತಿ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಾ, "ಈ ಗಾಡೀಲಿ ಎಲ್ಡು ಟನ್ ಮಾವಿನಕಾಯಿ ಹೊಡ್ದಿವ್ನಿ ಕಣಮ್ಮಿ. ಒಂದು ಮನೆ ಹೊರಕಿಲ್ವಾ?" ಎಂದರು.

"ಮಾವಿನಕಾಯಿ ಮಂಡೀಲಿ ಇಳೀತಿತ್ತು. ಮನೆ ಇಳಿಯಾಕಿಲ್ಲ. ತಿಂಗಳುಗಟ್ಲೆ ಗಾಡಿ ಬೆನ್ನ ಮ್ಯಾಗೇ ಇರ್ತದೆ" ಎಂದೆ. ಅವರು ಗಾಡಿ ಸ್ಟಾರ್ಟ್ ಮಾಡಿದರು.

ಕುದೂರಿನ ಆ ಹಿತ್ತಿಲಲ್ಲಿ ಮನೆಯನ್ನು ಕಂಡಾಗ ನಾನೂ ಒಂದು ಗಳಿಗೆ ತೂಕ ಮರೆತೆ. ಹಸಿರು ಬಣ್ಣ ಬಳಿದ ತಗಡಿನ ಪೆಟ್ಟಿಗೆ. ಜಾರುವ ಗಾಜಿನ ಎರಡು ಕಿಟಕಿ. ಒಳಗೆ ಕೆಳಗೊಂದು ಮಂಚ, ಮೇಲೊಂದು ಮಂಚ, ಸ್ಟೀಲ್ ಬೀರು, ಮೂಲೆಯಲ್ಲಿ ಪರದೆ ಎಳೆದುಕೊಳ್ಳುವ ಬಚ್ಚಲು. ಅಡುಗೆ ಮಾಡಲು ಕಟ್ಟೆ, ಅದಕ್ಕೆ ಹೊಳೆಯುವ ಕಪ್ಪು ಗ್ರಾನೈಟ್ ಹಾಸು. ಹಿಂಬದಿಗೆ ನೂರು ಲೀಟರಿನ ನೀರಿನ ಟ್ಯಾಂಕು. ನೆಲಕ್ಕೆ ಬಸ್ಸಿಗೆ ಹಾಕುವಂಥ ದಪ್ಪ ಕಬ್ಬಿಣದ ತಗಡು.

"ಇಪ್ಪತ್ತು ವರ್ಸಕ್ಕೂ ಏನೂ ಆಗಕಿಲ್ಲ" ಎಂದು ಅದನ್ನು ಕಟ್ಟಿದ ಯಜಮಾನರು ಕಾಲಿಂದ ನೆಲವನ್ನು ಒದ್ದು ತೋರಿಸಿದರು. ಆ ಸದ್ದು ಕೇಳಿ ನನಗೆ ಮತ್ತೆ ತೂಕ ನೆನಪಾಯಿತು.

"ನಾನೂರೈವತ್ತು ಅಂತ ಹೆಂಗೆ ಗೊತ್ತಾಯ್ತು ಯಜಮಾನ್ರೆ? ತೂಗಿಸಿದ್ರಾ?"

"ತೂಗ್ಸದ್ಯಾಕೆ ತಾಯಿ? ಕಟ್ಟಿರೋನು ನಾನು. ಒಂದೊಂದು ಬೋಲ್ಟೂ ನಂಗೊತ್ತು."

ಅವರ ಹೆಂಡತಿ ಹಿತ್ತಿಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ತೆಳ್ಳಗಿನ ಹೆಂಗಸು. ಕಾಫಿ ತಂದುಕೊಟ್ಟು ನನ್ನ ಪಕ್ಕ ಕೂತರು.

ನಾನು ಮೆಲ್ಲಗೆ, "ಒಂದೇ ಸಲ ಹೋಗಿದ್ರಂತಲ್ಲ ಅಕ್ಕ, ಯಾಕೆ?" ಎಂದು ಕೇಳಿದೆ.

ಅಕ್ಕ ಬಾಯಿ ತೆರೆಯುವ ಮೊದಲೇ ಯಜಮಾನರು ನಕ್ಕರು. "ಇವ್ಳಿಗೆ ಭಯ. ಮಾದಪ್ಪನ ಬೆಟ್ಟಕ್ಕೆ ಅಂತ ಹೊಂಟೊ. ಅರ್ಧ ದಾರೀಲೇ ಇಳ್ಸಿ ಅಂತ ರಾಗ ತೆಗುದ್ಲು. ಅವತ್ತಿಂದ ಹತ್ತೇ ಇಲ್ಲ. ಯಾರ ಜೊತೇಲಿ ಸುತ್ತಾನ ಇನ್ನ?"

ಅಕ್ಕ ತಲೆ ತಗ್ಗಿಸಿ ಲೋಟ ಎತ್ತಿಕೊಂಡರು. ಆ ಮಾತನ್ನು ಅವರು ನೆಂಟರ ಮುಂದೆ, ಅಕ್ಕಪಕ್ಕದವರ ಮುಂದೆ ಬಹಳ ಸಲ ಕೇಳಿರಬೇಕು ಅನ್ನಿಸಿತು.

ತೂಗದೆ ನಾನು ಒಪ್ಪುವುದಿಲ್ಲ ಎಂದೆ. ಯಜಮಾನರಿಗೆ ಅದು ಅವಮಾನ ಅನ್ನಿಸಿತೋ ಏನೋ, "ಬನ್ನಿ, ನೋಡೇ ಬುಡಾನ" ಎಂದು ಎದ್ದರು. ನಾಲ್ಕು ಕಾಲಿಗೂ ಜಾಕಿ ಇತ್ತು. ಅವನ್ನು ತಿರುಗಿಸಿ ಮನೆಯನ್ನು ಮೇಲೆತ್ತಿದರು. ನನ್ನ ಗಂಡ ಕಟಕಟೆಯ ಹಿಂಬಾಗಿಲು ಬಿಚ್ಚಿ ಗಾಡಿಯನ್ನು ಹಿಂದಕ್ಕೆ ತಂದು ಅದರ ಕೆಳಗೆ ನಿಲ್ಲಿಸಿದರು. ಮನೆ ಇಳಿಯುತ್ತಾ ಇಳಿಯುತ್ತಾ ಗಾಡಿಯ ಹಿಂಭಾಗವೂ ಕುಗ್ಗಿತು. ಮನೆಯ ಹಿಂದಿನ ಮೂರಡಿ ಗಾಡಿಯಿಂದ ಆಚೆಗೆ ಚಾಚಿಕೊಂಡಿತ್ತು. ಬೀರು, ನೀರಿನ ಟ್ಯಾಂಕು ಎರಡೂ ಅಲ್ಲೇ.

ಯಜಮಾನರು ಸ್ಕೂಟರಿನಲ್ಲಿ ಮುಂದೆ ಹೊರಟರು. "ನಾನೂ ಬತ್ತೀನಿ" ಎಂದು ಅಕ್ಕ ಬಂದು ನನ್ನ ಪಕ್ಕ ಹತ್ತಿದರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ.

ಊರು ದಾಟಿದ ಮೇಲೆ ಒಂದು ತಿರುವು ಬಂತು. ವೇಗವೇನೂ ಇರಲಿಲ್ಲ. ಆದರೂ ಗಾಡಿ ಒಂದು ಕಡೆ ವಾಲಿ, ನಿಧಾನಕ್ಕೆ ಇನ್ನೊಂದು ಕಡೆ ವಾಲಿತು. ಅಕ್ಕ ನನ್ನ ಕೈ ಹಿಡಿದುಕೊಂಡರು. ನನ್ನ ಗಂಡನ ಮುಖ ನೋಡಿದೆ. ಅವರು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಮುಂದೆ ಬಾಗಿ ಕೂತಿದ್ದರು.

"ಏನಾಯ್ತು?"

"ಸ್ಟೇರಿಂಗು ಒಸಿ ತೇಲ್ದಂಗೆ ಆಯ್ತದೆ" ಎಂದರು.

ಅಕ್ಕ ನನ್ನ ಕೈ ಬಿಡದೆ ಹೇಳಿದರು: "ಅವತ್ತು ನಾನೂ ಇದ್ನೇ ಅಂದಿದ್ದು. ಚಕ್ರ ನೆಲ ಕಚ್ತಾ ಇಲ್ಲ ಕಣ್ರಿ ಅಂದೆ. ಯಾರು ಕೇಳ್ತಾರೆ?"

ವೇಬ್ರಿಡ್ಜಿನಲ್ಲಿ ನಾವೆಲ್ಲ ಇಳಿದು ದೂರ ನಿಂತೆವು. ಅಂಕಿ ಹತ್ತಿ ಇಳಿದು ನಿಂತಿತು. ಎರಡು ಸಾವಿರದ ನಾನೂರ ಎಪ್ಪತ್ತು. ಅದರಲ್ಲಿ ಗಾಡಿಯ ತೂಕ ಕಳೆದರೆ ಮನೆ ಆರುನೂರ ತೊಂಬತ್ತು ಕೆಜಿ. ನಾವಿಬ್ಬರು ಹತ್ತಿ ಕೂತರೆ ಗಾಡಿಯ ಮಿತಿಗಿಂತ ಹತ್ತು ಕೆಜಿ ಹೆಚ್ಚು. ಟ್ಯಾಂಕಿನಲ್ಲಿ ಇನ್ನೂ ಒಂದು ಹನಿ ನೀರಿಲ್ಲ, ಸಿಲಿಂಡರ್ ಇಲ್ಲ, ಹಾಸಿಗೆಯಿಲ್ಲ, ಒಂದು ಪಾತ್ರೆಯೂ ಇಲ್ಲ.

ಆಮೇಲೆ ಮುಂದಿನ ಚಕ್ರಗಳನ್ನಷ್ಟೇ ತೂಗಿಸಿದೆ. ಎಂಟುನೂರ ತೊಂಬತ್ತು. ಬೆಳಿಗ್ಗೆ ಖಾಲಿ ಗಾಡಿಗೆ ಒಂಬೈನೂರ ಅರವತ್ತು ಬಂದಿತ್ತು. ಇಷ್ಟು ಹೊರೆ ಹೇರಿದ ಮೇಲೆ ಮುಂದಿನ ಚಕ್ರಗಳು ಎಪ್ಪತ್ತು ಕೆಜಿ ಹಗುರವಾಗಿದ್ದವು.

ಯಜಮಾನರು ಎರಡು ಚೀಟಿಗಳನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ವಿವರಿಸುವ ಅಗತ್ಯವಿರಲಿಲ್ಲ. ಮೂವತ್ತು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದವರು. ಹಿಂದಿನ ಚಕ್ರದಿಂದಾಚೆ ಭಾರ ಬಿದ್ದರೆ ಮುಂದಿನದು ಎದ್ದುಕೊಳ್ಳುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಾನೇ ಕಟ್ಟಿದ್ದರಲ್ಲಿ ಅದು ಕಾಣಿಸಿರಲಿಲ್ಲ, ಅಷ್ಟೇ.

"ಅವತ್ತು ಬೆಟ್ಟದ್ ತಿರುವಲ್ಲಿ ಟ್ಯಾಂಕ್ ತುಂಬ ನೀರೂ ಇತ್ತು" ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನ್ ಹೇಳಿದ್ದು ಸರಿ ಇತ್ತು ಕಣೆ" ಎಂದರು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಆರು ವರ್ಸ ಆಯ್ತು ಅಂದು. ಸಿಕ್ದೋರ್ ಮುಂದೆಲ್ಲ ನನ್ನ ಭಯಸ್ತೆ ಅಂದ್ರಿ" ಎಂದರು. ದನಿ ಎತ್ತರಿಸಲಿಲ್ಲ. ಯಜಮಾನರು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತರು. ನಾನೂ ನನ್ನ ಗಂಡನೂ ಗಾಡಿಯ ಟೈರು ನೋಡುವ ನೆಪದಲ್ಲಿ ಆಚೆ ಹೋದೆವು. ಅವರಿಬ್ಬರು ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಹಿಂದಿರುಗುವಾಗ ಅಕ್ಕ ಸ್ಕೂಟರಿನ ಹಿಂದೆ ಕೂತು ಹೋದರು.

ವ್ಯಾಪಾರ ಮುರಿದುಬಿತ್ತು ಎಂದೇ ನಾನು ತಿಳಿದಿದ್ದೆ. ಗಂಡನ ಮುಖ ಸಪ್ಪಗಾಗಿತ್ತು. ನನಗೂ ಬೇಸರವೇ. ಆ ಬಾಗಿಲು, ಆ ಚಿಲಕವನ್ನು ಕಣ್ಣಾರೆ ನೋಡಿದ್ದೆನಲ್ಲ. ಆದರೆ ಹಿತ್ತಿಲಿಗೆ ಬಂದ ಮೇಲೆ ಯಜಮಾನರೇ ಸ್ಪ್ಯಾನರ್ ಪೆಟ್ಟಿಗೆ ತಂದರು.

"ಒಂದು ವಾರ ಟೈಮ್ ಕೊಡಿ. ಏನೇನು ತೆಗೀಬೋದು ಹೇಳಿ ತಾಯಿ, ಬರ್ಕತ್ತೀನಿ."

ನಾನು ಹೇಳಿದೆ. ಕಬ್ಬಿಣದ ನೆಲ ಕಿತ್ತು ಪ್ಲೈವುಡ್ ಹಾಕಬಹುದು. ಮೇಲಿನ ಮಂಚ ನಮಗೆ ಬೇಡ. ಬೀರೂ ಬೇಡ, ಬಟ್ಟೆಗೆ ಎರಡು ಚೀಲ ಸಾಕು. ಟ್ಯಾಂಕು ಬೇಡ, ತೋಟದಲ್ಲಿ ನೀರಿರುತ್ತದೆ. ದಾರಿಗೆ ಎರಡು ಕ್ಯಾನ್ ಇದ್ದರೆ ಆಯಿತು, ಅವನ್ನೂ ಕ್ಯಾಬಿನ್ನಿಗೆ ಅಂಟಿದ ಮುಂಗೋಡೆಯ ಹತ್ತಿರ ಇಡುತ್ತೇವೆ. ಗ್ರಾನೈಟಿನ ಬಳಿ ಬಂದಾಗ ಯಜಮಾನರು ತಡೆದರು.

"ಅದು ಇವ್ಳು ಆಸೆಪಟ್ಟು ಹಾಕ್ಸಿದ್ದು."

"ತಗ್ದಾಕಿ" ಎಂದರು ಅಕ್ಕ. "ಬಟ್ಟೆ ಒಗಿಯಾಕೆ ಆಯ್ತದೆ."

ವಾರದ ನಂತರ ಹೋದಾಗ ಮನೆ ನಾನೂರ ಅರವತ್ತಕ್ಕೆ ಇಳಿದಿತ್ತು. ನಾವೂ ಗಾಡಿಯ ಕಟಕಟೆಯನ್ನು ಬಿಚ್ಚಿಟ್ಟು ಬಂದಿದ್ದೆವು. ಯಜಮಾನರು ಮನೆಯ ಹಿಂಭಾಗವನ್ನೇ ಒಂದೂವರೆ ಅಡಿ ಕತ್ತರಿಸಿ ಮತ್ತೆ ಬೆಸುಗೆ ಹಾಕಿಬಿಟ್ಟಿದ್ದರು. ಹಾಸಿಗೆ, ಒಲೆ, ಸಿಲಿಂಡರ್, ಎರಡು ಕ್ಯಾನ್ ನೀರು, ನಾವಿಬ್ಬರು, ಎಲ್ಲ ಸೇರಿಸಿ ತೂಗಿದರೂ ಮಿತಿ ಮುಟ್ಟಲು ಇನ್ನೂ ನೂರೈವತ್ತು ಕೆಜಿಗೂ ಮೇಲೆ ಉಳಿದಿತ್ತು. ಮುಂದಿನ ಚಕ್ರಗಳ ಭಾರವೂ ಸರಿಯಾಗಿತ್ತು.

ಆ ಉಳಿದ ತೂಕದಲ್ಲಿ ಎಂಟು ಜೇನು ಪೆಟ್ಟಿಗೆ ಇಡೋಣ ಎಂದು ನನ್ನ ಗಂಡ ಕೇಳಿದರು. ಬೇಡ ಎಂದೆ. ಸ್ವಲ್ಪ ವಾದವಾಯಿತು. ಕೊನೆಗೆ ಮೊದಲ ದಿನ ಪೆಟ್ಟಿಗೆ, ಮರುದಿನ ಮನೆ, ಹೀಗೆ ಎರಡು ಸುತ್ತು ಹೊಡೆಯುವುದೆಂದು ಒಪ್ಪಿದರು. ಈಗಲೂ ಹಾಗೇ ನಡೆಯುತ್ತಿದೆ. ಡೀಸೆಲ್ ದಂಡ ಎಂದು ಆಗಾಗ ಗೊಣಗುತ್ತಾರೆ.

ಮೊದಲು ಹೋದದ್ದು ಮಾಗಡಿ ಹತ್ತಿರದ ಒಂದು ಮಾವಿನ ತೋಪಿಗೆ. ಹೂವಿನ ಕಾಲ. ಬೆಳಿಗ್ಗೆ ಎದ್ದು ಕಿಟಕಿ ಸರಿಸಿದರೆ ಗಾಳಿಯೆಲ್ಲ ಮಾವಿನ ಹೂವಿನ ವಾಸನೆ. ನನ್ನ ಗಂಡ ಮಂಚದಿಂದ ಎದ್ದು, ಗೋಡೆ ಹಿಡಿಯದೆ ನೇರ ನಿಂತರು. ಎರಡನೆಯ ವಾರಕ್ಕೆ ನಾನೂ ಮುಖಪರದೆ ಹಾಕಿಕೊಂಡು ಪೆಟ್ಟಿಗೆ ತೆರೆಯುವುದನ್ನು ಕಲಿತೆ. ರೆಪ್ಪೆಗೆ ಒಂದು ಕಚ್ಚಿ, ಕಣ್ಣು ಎರಡು ದಿನ ಮುಚ್ಚಿಕೊಂಡಿತ್ತು. ಅಷ್ಟಾದರೂ ಮರುದಿನ ಮತ್ತೆ ಹೋದೆ. ರಾಣಿಯನ್ನು ಗುರುತು ಹಿಡಿಯುವುದು ನನಗೆ ಬೇಗ ಬಂತು, ಅವರಿಗಿಂತ ಬೇಗ ಕಾಣುತ್ತದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ.

ತೋಪಿನ ಯಜಮಾನಿ ದಿನವೂ ಹಾಲು ಕೊಡಲು ಬರುತ್ತಿದ್ದರು. ಮೂರು ದಿನ ಹೊರಗೇ ನಿಂತು ಮಾತಾಡಿಸಿ ಹೋದರು. ನಾಲ್ಕನೆಯ ದಿನ ಒಳಗೆ ಬಂದು ಮಂಚದ ಮೇಲೆ ಕೂತು ಸುತ್ತಲೂ ನೋಡಿದರು.

"ಇಷ್ಟ್ರಲ್ಲೇ ಎಲ್ಲಾ ಆಯ್ತದಾ ನಿಮ್ಗೆ?"

"ಆಯ್ತದೆ ಅಕ್ಕ" ಎಂದೆ. ಒಲೆಯ ಮೇಲೆ ಕಾಫಿ ಉಕ್ಕುವುದರಲ್ಲಿತ್ತು. ಎದ್ದು ಇಳಿಸಿ, ಇದ್ದ ಎರಡು ಲೋಟಗಳಿಗೂ ಬಗ್ಗಿಸಿದೆ.